ಜೂನ್ ಬಂತು, ಹುಲ್ಲು ಬಂತು

ಫ್ರೆಂಚ್ ಓಪನ್ ಫೈನಲ್ ಮುಗಿದ ಮರುದಿನ ಪಕ್ಕದ ಮನೆಯವರು ಗೇಟಿನ ಹತ್ತಿರ ಸಿಕ್ಕರು. "ಏನ್ ಸಾರ್, ನಿಮ್ಮ ಟೆನಿಸ್ ಮುಗೀತಲ್ಲ. ಇನ್ನು ವಿಂಬಲ್ಡನ್ ತನಕ ರಜಾ" ಅಂದರು. ಒಳ್ಳೆಯ ಮನುಷ್ಯ. ನಾವು ಊರಿಗೆ ಹೋದಾಗ ಗಿಡಗಳಿಗೆ ನೀರು ಹಾಕುವವರು. ಅದಕ್ಕೇ ನಕ್ಕು ಸುಮ್ಮನಾದೆ. ಒಳಗೆ ಮಾತ್ರ ಉರಿದುಹೋಯಿತು. ರಜಾ ಅಂತೆ! ಅವತ್ತು ಸೋಮವಾರ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆಗಲೇ ವಿಂಬಲ್ಡನ್‌ನಂತೆಯೇ ಹುಲ್ಲಿನ ಮೇಲೆ ಚೆಂಡು ಬಿದ್ದಿತ್ತು.

ವಿಂಬಲ್ಡನ್ ಯಾರು ಬೇಕಾದರೂ ನೋಡುತ್ತಾರೆ. ಬಿಳಿ ಬಟ್ಟೆ, ಸ್ಟ್ರಾಬೆರಿ, ರಾಯಲ್ ಬಾಕ್ಸ್‌ನಲ್ಲಿ ಸೂಟು ಹಾಕಿ ಕೂತ ನಮ್ಮ ಕ್ರಿಕೆಟಿಗರು. ಪೇಪರಿನಲ್ಲಿ ಅರ್ಧ ಪುಟ ತುಂಬಲು ಇಷ್ಟು ಸಾಕು. ನಾನು ಕಾಯುವುದು ಅದಕ್ಕೂ ಮುಂಚಿನ ಮೂರು ವಾರಕ್ಕೆ. ಏಪ್ರಿಲ್‌ನಿಂದ ಕೆಂಪು ಮಣ್ಣಿನಲ್ಲಿ ಆರಾಮಾಗಿ ಜಾರಿಕೊಂಡು ಆಡಿದವರು ಹಸಿರಿನ ಮೇಲೆ ಕಾಲಿಟ್ಟ ಮೊದಲ ದಿನ ನೋಡಬೇಕು. ಎಂಥ ಗಟ್ಟಿ ಆಟಗಾರನೂ ಸೋಪಿನ ನೀರು ಚೆಲ್ಲಿದ ಬಚ್ಚಲಲ್ಲಿ ನಡೆಯುವ ಹಾಗೆ ನಡೆಯುತ್ತಾನೆ. ಮಣ್ಣಿನಲ್ಲಿ ಭುಜದೆತ್ತರಕ್ಕೆ ಏಳುತ್ತಿದ್ದ ಚೆಂಡು ಇಲ್ಲಿ ಮೊಣಕಾಲು ದಾಟಲು ಒಲ್ಲದು. ಬಗ್ಗಲೇಬೇಕು. ಕೋಟ್ಯಧಿಪತಿಗಳು ಬಗ್ಗುವುದನ್ನು ನೋಡುವುದರಲ್ಲಿ ಒಂದು ಖುಷಿ ಇದೆ, ಅಲ್ವಾ?

ಈ ಮೂರು ವಾರ ಕೂಡ ಇತ್ತೀಚಿನ ಕೊಡುಗೆ. 2014ರ ತನಕ ಪ್ಯಾರಿಸ್‌ಗೂ ವಿಂಬಲ್ಡನ್‌ಗೂ ನಡುವೆ ಇದ್ದದ್ದು ಎರಡೇ ವಾರ. 2015ರಲ್ಲಿ ಇನ್ನೊಂದು ವಾರ ಸೇರಿಸಿದರು, ದೊಡ್ಡ ಉಪಕಾರ ಮಾಡಿದವರಂತೆ. ಒಂದು ಕಾಲದಲ್ಲಿ ಗ್ರ್ಯಾನ್‌ಸ್ಲಾಮ್ ಅನ್ನುವ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಮೂರು ನಡೆಯುತ್ತಿದ್ದದ್ದೇ ಹುಲ್ಲಿನ ಮೇಲೆ. ಅಮೆರಿಕದವರು 1974ಕ್ಕೆ ಕೈಬಿಟ್ಟರು, ಆಸ್ಟ್ರೇಲಿಯದವರು 1987ಕ್ಕೆ.

ಇದಕ್ಕೆ ಯಾಕೆ ಇಷ್ಟು ಕಾಯಬೇಕು ಅಂತ ನನ್ನ ಹೆಂಡತಿ ಪ್ರತಿ ಜೂನ್‌ನಲ್ಲೂ ಕೇಳುತ್ತಾಳೆ. ಅದಕ್ಕೆ ಉತ್ತರವಾಗಿ ಇವಾನ್ ಲೆಂಡ್ಲ್ ಅನ್ನುವ ಹಳೇ ಕಾಲದ ಆಟಗಾರನ ವಿಷಯ ಹೇಳಬೇಕು.

ಲೆಂಡ್ಲ್ 270 ವಾರ ನಂಬರ್ ಒನ್ ಆಗಿದ್ದವನು. ಪ್ಯಾರಿಸ್‌ನಲ್ಲಿ ಮೂರು, ನ್ಯೂಯಾರ್ಕ್‌ನಲ್ಲಿ ಮೂರು, ಮೆಲ್ಬರ್ನ್‌ನಲ್ಲಿ ಎರಡು ಪ್ರಶಸ್ತಿ. ವಿಂಬಲ್ಡನ್‌ನಲ್ಲಿ ಸೊನ್ನೆ. ಅಂಕಣದಲ್ಲಿ ನಗುವ ಅಭ್ಯಾಸ ಅವನಿಗೆ ಇರಲಿಲ್ಲ. ಸರ್ವ್‌ಗೆ ಮುಂಚೆ ರೆಪ್ಪೆಯ ಕೂದಲು ಎಳೆದುಕೊಳ್ಳುತ್ತಿದ್ದ. ಕೈ ಜಾರದಿರಲಿ ಅಂತ ಜೇಬಿನಲ್ಲಿ ಮರದ ಹೊಟ್ಟು ಇಟ್ಟುಕೊಂಡಿರುತ್ತಿದ್ದ. ದೂರದರ್ಶನದ ಕಾಲ ಅದು. ನಾನು ಜರ್ಮನಿಯ ಬೋರಿಸ್ ಬೆಕರ್ ಪಾರ್ಟಿ. ಬೆಕರ್ ಡೈವ್ ಹೊಡೆದರೆ ನಮ್ಮ ಬೀದಿಯ ಹುಡುಗರೆಲ್ಲ ಮೊಣಕೈ ಕೆತ್ತಿಕೊಳ್ಳುತ್ತಿದ್ದೆವು. ನಮ್ಮಪ್ಪ ಮಾತ್ರ ಲೆಂಡ್ಲ್ ಕಡೆ. ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. "ಉಳಿದವರು ಆಟ ಆಡ್ತಾರೆ ಕಣೋ, ಅವನು ಕೆಲಸ ಮಾಡ್ತಾನೆ" ಅನ್ನುತ್ತಿದ್ದರು.

1986ರ ವಿಂಬಲ್ಡನ್ ಫೈನಲ್‌ನಲ್ಲಿ ಬೆಕರ್ ಕೈಲಿ ಲೆಂಡ್ಲ್ ನೇರ ಸೆಟ್‌ಗಳಲ್ಲಿ ಸೋತ. ಅಪ್ಪ ಮಾತಾಡದೆ ಊಟಕ್ಕೆ ಕೂತು, ಸಾರಿಗೆ ಉಪ್ಪಿಲ್ಲ ಅಂತ ಅಮ್ಮನ ಮೇಲೆ ರೇಗಿದರು. 1987ರಲ್ಲಿ ಪ್ಯಾಟ್ ಕ್ಯಾಷ್ ಕೈಲಿ ಸೋತ, ಅದೂ ನೇರ ಸೆಟ್‌ಗಳಲ್ಲೇ. ಕ್ಯಾಷ್ ಗ್ಯಾಲರಿ ಹತ್ತಿ ಹೋಗಿ ಮನೆಯವರನ್ನು ಅಪ್ಪಿಕೊಂಡ. ಆಮೇಲೆ ಗೆದ್ದವರಿಗೆಲ್ಲ ಅದೊಂದು ಚಾಳಿಯಾಯಿತು. ಮತ್ತೆ ಉಪ್ಪಿನ ಗಲಾಟೆ. 1988ರ ಸೆಮಿಫೈನಲ್‌ನಲ್ಲಿ ಬೆಕರ್. 1989ರ ಸೆಮಿಫೈನಲ್‌ನಲ್ಲಿ ಮತ್ತೆ ಬೆಕರ್. ಆ ಸಲ ಲೆಂಡ್ಲ್ ಎರಡು ಸೆಟ್‌ಗೆ ಒಂದರಿಂದ ಮುಂದಿದ್ದ. ಮಳೆ ಬಂದು ಆಟ ನಿಂತಿತು. ತಿರುಗಿ ಶುರುವಾಗಿ ಐದನೇ ಸೆಟ್‌ಗೆ ಹೋಗಿ, ಅಲ್ಲಿ ಸೋತ. ಅಪ್ಪ ಲಂಡನ್ ಮಳೆಗೆ ಶಾಪ ಹಾಕಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

1990ರಲ್ಲಿ ಲೆಂಡ್ಲ್ ಹಟಕ್ಕೆ ಬಿದ್ದ. ಮೂರು ಸಲ ಗೆದ್ದಿದ್ದ ಫ್ರೆಂಚ್ ಓಪನ್‌ಗೆ ಹೋಗಲೇ ಇಲ್ಲ. ಆಸ್ಟ್ರೇಲಿಯದ ಟೋನಿ ರೋಷ್ ಅವನ ಕೋಚ್. ಗುರುಶಿಷ್ಯರು ಹುಲ್ಲಿನ ಮೇಲೇ ಬೀಡುಬಿಟ್ಟರು. ಬೇಸ್‌ಲೈನ್‌ನಲ್ಲಿ, ಅಂದರೆ ಅಂಕಣದ ಹಿಂದಿನ ಗೆರೆಯಲ್ಲಿ, ನಿಂತು ಲೋಕ ಗೆದ್ದವನು ಸರ್ವ್ ಮಾಡಿ ನೆಟ್‌ಗೆ ಓಡುವುದನ್ನು ರೂಢಿ ಮಾಡಿಕೊಂಡ. ವಿಂಬಲ್ಡನ್‌ಗೆ ಮುಂಚೆ ಲಂಡನ್‌ನಲ್ಲಿ ಹುಲ್ಲಿನ ಮೇಲೆ ನಡೆಯುವ ಕ್ವೀನ್ಸ್ ಕ್ಲಬ್ ಟೂರ್ನಿಯ ಫೈನಲ್‌ನಲ್ಲಿ ಬೆಕರ್‌ನನ್ನು 6-3, 6-2ರಿಂದ ಉಜ್ಜಿಹಾಕಿದ. ಅಪ್ಪ ಅವತ್ತು ಮೈಸೂರ್ ಪಾಕ್ ತಂದರು. ಬೆಕರ್ ಪಾರ್ಟಿಯ ನಾನೂ ತಿಂದೆ. ಮುಂದೆ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಸ್ವೀಡನ್ನಿನ ಸ್ಟೆಫಾನ್ ಎಡ್‌ಬರ್ಗ್ ಅವನನ್ನು ಮೂರೇ ಸೆಟ್‌ಗಳಲ್ಲಿ ಮುಗಿಸಿಬಿಟ್ಟ.

2013ರಲ್ಲಿ ಆಂಡಿ ಮರ್ರೆ ಗೆದ್ದಾಗ ಬ್ರಿಟನ್ನಿನ ಪುರುಷರ 77 ವರ್ಷದ ಕಾಯುವಿಕೆ ಮುಗಿಯಿತು. ಆಗ ಮರ್ರೆಯ ಕೋಚ್ ಯಾರು? ಇದೇ ಲೆಂಡ್ಲ್. ಶಿಷ್ಯನ ಮೂಲಕ ಗುರುವಿನ ಆಸೆ ತೀರಿತು ಅಂತಾರೆ ಜನ. ನನಗೆ ಒಪ್ಪಿಗೆಯಿಲ್ಲ. ಬೇರೆಯವರ ಹೆಸರು ಕೆತ್ತಿದ ಕಪ್ ನೋಡಿ ಯಾರ ಹೊಟ್ಟೆ ತುಂಬುತ್ತದೆ? ಅಪ್ಪ ಇದ್ದಿದ್ದರೆ ಖಂಡಿತ ಸಾರಿಗೆ ಉಪ್ಪಿಲ್ಲ ಅನ್ನುತ್ತಿದ್ದರು.

ಪಾಪ, ಲೆಂಡ್ಲ್ ಇವತ್ತು ಆಡಿದ್ದರೆ ಅಷ್ಟು ಒದ್ದಾಡಬೇಕಿರಲಿಲ್ಲ. ನನ್ನ ಸಿಟ್ಟು ಇರುವುದೇ ಇಲ್ಲಿ. 2001ರಿಂದ ವಿಂಬಲ್ಡನ್‌ನಲ್ಲಿ ಪೂರ್ತಿ ರೈ ಹುಲ್ಲು. ಮುಂಚೆ ನೂರಕ್ಕೆ 30 ಪಾಲು ಫೆಸ್ಕ್ಯೂ ಅನ್ನುವ ಬೇರೆ ಜಾತಿ ಬೆರೆತಿರುತ್ತಿತ್ತು. ರೈ ಹುಲ್ಲು ಬೇಗ ಸವೆಯುವುದಿಲ್ಲ, ನೆಲ ಗಟ್ಟಿ, ಚೆಂಡು ಮುಂಚಿಗಿಂತ ಮೇಲಕ್ಕೆ ಬರುತ್ತದೆ. ಆ 2001ರಲ್ಲೇ ಗೊರಾನ್ ಇವಾನಿಸೆವಿಚ್ ವೈಲ್ಡ್ ಕಾರ್ಡ್‌ನಲ್ಲಿ, ಅಂದರೆ ಆಯೋಜಕರ ವಿಶೇಷ ಆಹ್ವಾನದ ಮೇಲೆ ಬಂದು, ಸರ್ವ್ ಒಂದನ್ನೇ ನಂಬಿ ಕಪ್ ಎತ್ತಿದ. ಮರುವರ್ಷದ ಫೈನಲ್‌ನಲ್ಲಿ ಮಾತ್ರ ಹ್ಯೂಯಿಟ್, ನಲ್ಬಾಂಡಿಯನ್ ಇಬ್ಬರೂ ಹಿಂದೆಯೇ ನಿಂತು ಬಡಿದಾಡಿದರು. ಈಗ ಎರಡನೇ ವಾರದ ಹೊತ್ತಿಗೆ ನೋಡಿ, ಬೇಸ್‌ಲೈನ್ ಹತ್ತಿರ ಹುಲ್ಲು ಬೋಳಾಗಿ ಮಣ್ಣು ಕಾಣುತ್ತದೆ. ನೆಟ್ ಹತ್ತಿರ ಹಸಿರು ಹಾಗೇ ಇರುತ್ತದೆ. ಅಲ್ಲಿಗೆ ಯಾರೂ ಹೋಗುವುದೇ ಇಲ್ಲ. ಮಣ್ಣಿನ ಆಟ ನೋಡಬೇಕಿದ್ದರೆ ಪ್ಯಾರಿಸ್ ಇತ್ತಲ್ಲ ಸ್ವಾಮಿ! 2025ರಿಂದ ಲೈನ್ ಜಡ್ಜ್‌ಗಳೂ ಇಲ್ಲ. "ಔಟ್" ಅನ್ನುವುದೂ ಯಂತ್ರವೇ.

ನೆಟ್ ಹತ್ತಿರದ ಆಟ ಉಳಿದಿರುವುದು ಡಬಲ್ಸ್‌ನಲ್ಲಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2013, 2015 ಮತ್ತು 2023ರಲ್ಲಿ ವಿಂಬಲ್ಡನ್ ಪುರುಷರ ಡಬಲ್ಸ್ ಸೆಮಿಫೈನಲ್ ತನಕ ಹೋದರು. ಮೂರು ಸಲವೂ ಅಲ್ಲಿಗೇ ನಿಂತಿತು. ಅವನ್ನಾದರೂ ನೆಟ್ಟಗೆ ತೋರಿಸಿದರಾ? ಟಿವಿ ಹಾಕಿದರೆ ಯಾವುದೋ ಓಬೀರಾಯನ ಕಾಲದ ಕ್ರಿಕೆಟ್ ಪಂದ್ಯ. ಬೇಸರವಾಗಿ, ಕ್ವೀನ್ಸ್ ಮತ್ತು ಜರ್ಮನಿಯ ಹಾಲೆ ಟೂರ್ನಿಯ ಡಬಲ್ಸ್ ಪಂದ್ಯಗಳನ್ನಾದರೂ ತೋರಿಸಿ ಅಂತ ನಾನು ದುಡ್ಡು ಕಟ್ಟುವ ಆ್ಯಪ್‌ನವರಿಗೆ ಉದ್ದಕ್ಕೆ ಒಂದು ಮೇಲ್ ಬರೆದೆ. ಲೆಂಡ್ಲ್ ವಿಷಯವನ್ನೂ ಸೇರಿಸಿದ್ದೆ. ಹತ್ತೇ ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಚಂದಾ ಈ ವಾರ ಮುಗಿಯುತ್ತದೆ, ದಯವಿಟ್ಟು ನವೀಕರಿಸಿ.

ಬೈದುಕೊಂಡೇ ಕಟ್ಟಿದೆ. ಸೋಮವಾರ ಹಾಲೆ ಶುರು, ಇನ್ನೇನು ಮಾಡಲಿ?