ಕ್ಯಾಮೆರಾ ಹಿಡಿದವರ ಹೆಸರೇ ಇಲ್ವಲ್ಲ!

‘ಮಾಲ್ಗುಡಿ ಡೇಸ್’ ಧಾರಾವಾಹಿ ಬಗ್ಗೆ ಲೇಖನ ಚೆನ್ನಾಗಿ ಬರೆದಿದ್ದೀರಿ ಸರ್. ಶಂಕರ್‌ನಾಗ್, ಮಾಸ್ಟರ್ ಮಂಜುನಾಥ್, ಎಲ್. ವೈದ್ಯನಾಥನ್ ಸಂಗೀತ ಎಲ್ಲ ಬಂತು. ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಹೆಸರು ಮಾತ್ರ ಎಲ್ಲೂ ಇಲ್ಲ. ಚಿತ್ರೀಕರಣ ನಡೆದ ಆಗುಂಬೆಯನ್ನೇ ಮಾಲ್ಗುಡಿ ಅಂತ ನಾವೆಲ್ಲ ನಂಬಿದ್ದರಲ್ಲಿ ಅವರ ಪಾಲೂ ಇದೆ ಅಲ್ವಾ? ಅದಕ್ಕೂ ಮೊದಲು, 1977ರಲ್ಲಿ, ನಿರ್ದೇಶಕ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ಕ್ಯಾಮೆರಾ ಹಿಡಿದವರೂ ಇವರೇ. ಕಪ್ಪು-ಬಿಳುಪು ಚಿತ್ರ. ಕೊನೆಯಲ್ಲಿ ತಲೆ ಬೋಳಿಸಿದ ವಿಧವೆ ಯಮುನಾ ಮರದಡಿ ಕೂತಿರುವುದನ್ನು ಪುಟ್ಟ ಹುಡುಗ ನಾಣಿ ನೋಡುತ್ತಾನಲ್ಲ, ಅಲ್ಲಿ ಮಾತೇ ಬೇಕಾಗಿಲ್ಲ. 2008ರ ‘ಗುಲಾಬಿ ಟಾಕೀಸ್’ ಕೂಡ ಇವರದೇ ಕೆಲಸ. ಅಲ್ಲಿ ಕರಾವಳಿ, ಬಣ್ಣ, ಬೇರೆಯದೇ ಲೋಕ. ಆಗ ಉಮಾಶ್ರೀ ಅವರಿಗೆ ಬಂದ ರಾಷ್ಟ್ರಪ್ರಶಸ್ತಿ ಬಗ್ಗೆ ಜಾಸ್ತಿ ಮಾತಾಯ್ತು (ಆಗಬೇಕಾದದ್ದೇ), ಕ್ಯಾಮೆರಾ ಬಗ್ಗೆ ಕಡಿಮೆ. ಲೇಖನಕ್ಕೆ ಒಂದು ಸಾಲು ಸೇರಿಸಿ, ಸಾಕು.