ಜವಾನರು ಒಪ್ಪಲ್ಲ ಅಂತ ಯಾರು ಹೇಳಿದ್ದು?

ಗೇ ಇದ್ದವರು ಅದನ್ನು ಮುಚ್ಚಿಡದೆ ಸೈನ್ಯದಲ್ಲಿ ಇರಬಹುದಾ ಅನ್ನೋ ಚರ್ಚೆ ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲೋದು ಒಂದೇ ಮಾತಿಗೆ: "ನಮಗೇನೂ ಅಭ್ಯಂತರ ಇಲ್ಲಪ್ಪ, ಹಳ್ಳಿಯಿಂದ ಬಂದ ಜವಾನರು ಒಪ್ಪಲ್ಲ." ಹೀಗನ್ನುವವರು ಸಾಮಾನ್ಯವಾಗಿ ಜವಾನರಾಗಿರೋದಿಲ್ಲ. ನಾನು ಬೈಲಹೊಂಗಲ ಕಡೆಯ ಹಳ್ಳಿಯವನು. ಫೌಜಿಗೆ ಕ್ಲರ್ಕ್ ಆಗಿ ಸೇರಿ, ಸುಬೇದಾರನಾಗಿ ನಿವೃತ್ತನಾಗಿ, ಈಗ ಪುಣೆಯ ಖಡಕಿಯಲ್ಲಿದ್ದೇನೆ. ನಮ್ಮಂಥವರ ಹೆಸರು ಹೇಳಿ ಬಾಗಿಲು ಹಾಕೋದಕ್ಕೆ ನನ್ನ ತಕರಾರಿದೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತು. ನಾಲ್ಕು ತಿಂಗಳಿಗೆ, 2019ರ ಜನವರಿಯಲ್ಲಿ, ಅಂದಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು ಸೈನ್ಯ ಸಂಪ್ರದಾಯಸ್ಥ, ಇಲ್ಲಿ ಇದಕ್ಕೆ ಜಾಗವಿಲ್ಲ ಅಂದರು. 1950ರ ಸೇನಾ ಕಾಯ್ದೆ ಅವರ ಬೆನ್ನಿಗಿತ್ತು. ಅದರ 46(ಎ) ಕಲಮಿನಲ್ಲಿ ಅಸಭ್ಯ, ಅಸ್ವಾಭಾವಿಕ ನಡತೆಗೆ ಏಳು ವರ್ಷದವರೆಗೆ ಜೈಲು. ಸೈನಿಕರ ಮೂಲಭೂತ ಹಕ್ಕು ಮೊಟಕು ಮಾಡೋ ಅಧಿಕಾರ ಸಂವಿಧಾನದ 33ನೇ ವಿಧಿಯಂತೆ ಸಂಸತ್ತಿಗಿದೆ. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಂತೂ, ಹಳೆಯ ದಂಡ ಸಂಹಿತೆಯಲ್ಲಿ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377 ಅನ್ನೋ ಕಲಮೇ ಇಲ್ಲ. ಆದರೂ ಪಕ್ಕದ ಮನೆಯ ಐಟಿ ಹುಡುಗನಿಗೆ ಅಪರಾಧವಲ್ಲದ್ದು, ವರ್ದಿ ತೊಟ್ಟವನನ್ನು ಕೋರ್ಟ್ ಮಾರ್ಷಲ್‌ವರೆಗೆ ಎಳೆಯಬಹುದು.

"ಜವಾನರು ಒಪ್ಪಲ್ಲ" ಅನ್ನೋ ಮಾತನ್ನು ಇದಕ್ಕೆ ಮುಂಚೆಯೂ ಕೇಳಿದ್ದೇವೆ. ಮಹಿಳಾ ಅಧಿಕಾರಿಗಳ ಪರ್ಮನೆಂಟ್ ಕಮಿಷನ್ (ಅಂದರೆ ನಿವೃತ್ತಿವರೆಗಿನ ಕಾಯಂ ಸೇವೆ) ಕೇಸಿನಲ್ಲಿ ಸರ್ಕಾರ ಬರೆದುಕೊಟ್ಟಿದ್ದೇ ಅದು: ಜವಾನರು ಹೆಚ್ಚಾಗಿ ಗ್ರಾಮೀಣ ಹಿನ್ನೆಲೆಯವರು, ಹೆಣ್ಣಿನ ಕಮಾಂಡ್ ಒಪ್ಪಿಕೊಳ್ಳೋ ಮನಸ್ಥಿತಿ ಅವರಿಗಿನ್ನೂ ಬಂದಿಲ್ಲ ಅಂತ. 2020ರ ಫೆಬ್ರವರಿ 17ರಂದು ಕೋರ್ಟು ಅದನ್ನು ತಳ್ಳಿಹಾಕಿತು. 2025ರ ಮೇ ತಿಂಗಳಲ್ಲಿ ಇಲ್ಲೇ ಖಡಕವಾಸ್ಲಾದ ಎನ್‌ಡಿಎಯಿಂದ, ಅಂದರೆ ಸೇನಾಧಿಕಾರಿಗಳನ್ನು ತಯಾರು ಮಾಡೋ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ, 17 ಹುಡುಗಿಯರ ಮೊದಲ ತಂಡ ಪಾಸಾಗಿ ಹೊರಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಜವಾನನ ಮನಸ್ಸಿನ ಬಗ್ಗೆ ನನಗೆ ಗೊತ್ತಿರೋದನ್ನ ಹೇಳ್ತೀನಿ. ಯೂನಿಟ್ ಆಫೀಸಿನಲ್ಲಿ ಪ್ರತಿಯೊಬ್ಬನದ್ದೂ ಕಿಂಡ್ರೆಡ್ ರೋಲ್, ಅಂದರೆ ಮನೆಯವರ ಪಟ್ಟಿ, ಇರುತ್ತೆ. ತಂದೆ, ತಾಯಿ, ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು ಎಲ್ಲರೂ ಅದರಲ್ಲಿ. ಮದುವೆಯಾದರೆ ಪಾರ್ಟ್ ಟು ಆರ್ಡರ್ (ದಾಖಲೆ ಬದಲಿಸೋ ಆದೇಶ) ಮಾಡಿ ಹೆಂಡತಿ ಹೆಸರು ಸೇರಿಸೋದು ನಮ್ಮ ಕೆಲಸ. ನಮ್ಮಲ್ಲೊಬ್ಬ ನಾಯಕ್ ದರ್ಜೆಯವ ಇದ್ದ, ಡ್ರೈವರ್. ಬೆಟ್ಟದ ರಸ್ತೆಯಲ್ಲಿ ರಾತ್ರಿ ಗಾಡಿ ಹೋಗಬೇಕೆಂದರೆ ಸಾಹೇಬರು ಕೇಳ್ತಿದ್ದುದೇ ಅವನನ್ನು. ಮೂವತ್ತು ದಾಟಿದರೂ ಮದುವೆ ಸುದ್ದಿಯಿಲ್ಲ, ಅರ್ಧ ರಜೆ ಊರಲ್ಲಿ, ಅರ್ಧ ಒಬ್ಬ ಗೆಳೆಯನ ಮನೆಯಲ್ಲಿ. ಬ್ಯಾರಕ್ಕಿನಲ್ಲಿ ಗುಟ್ಟು ಉಳಿಯುತ್ತಾ? ಎಲ್ಲರಿಗೂ ಗೊತ್ತಿತ್ತು. ಚೇಷ್ಟೆ ಮಾಡೋರು ಮಾಡ್ತಿದ್ದರು, ಹಿಂದಿ ಬಾರದ ನಮ್ಮ ಕಡೆಯ ಹುಡುಗರಿಗೂ ಮಾಡ್ತಿದ್ದರು.

ಒಮ್ಮೆ ಗಾಡಿ ಉರುಳಿ ಅವನು ಮಿಲಿಟರಿ ಆಸ್ಪತ್ರೆ ಸೇರಿದ. ಸುದ್ದಿ ತಿಳಿದ ಗೆಳೆಯ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದ. "ರಿಶ್ತಾ ಕ್ಯಾ ಹೈ?" ಅಂದರು ಗೇಟಿನಲ್ಲಿ. "ದೋಸ್ತ್" ಅಂದ. ಒಳಗೆ ಬಿಡಲಿಲ್ಲ. ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತ. ರೋಲಿನಲ್ಲಿ ಎಷ್ಟು ಹುಡುಕಿದರೂ ಅವನನ್ನು ಬರೆಯೋಕೆ ಕಾಲಮ್ ಎಲ್ಲಿದೆ? ಆಗ ಆ ಸೆಕ್ಷನ್ನಿನ ಹವಾಲ್ದಾರ್, ರಾಯಚೂರು ಕಡೆಯವ, ಒಳಗೆ ಬಂದು, "ಬಾಬೂ, ಅವ ನನ್ನ ತಮ್ಮ ಅಂತ ಒಂದು ಚೀಟಿ ಬರ್ಕೊಡ್ರಿ, ಒಳಗ ನಾ ಕರ್ಕೊಂಡು ಹೋಗ್ತೀನಿ" ಅಂದ. ಒಪ್ಪಲ್ಲ ಅಂತ ಮೇಲಿನವರು ಹೇಳೋ ಹಳ್ಳಿ ಜವಾನ ಇವನೇ. ಎಲ್ಲರೂ ಹೀಗಿರ್ತಾರೆ ಅಂತ ನಾನು ಹೇಳಲ್ಲ. ಆದರೆ ಫೌಜಿನಲ್ಲಿ ಯಾರು ಯಾರನ್ನು ಇಷ್ಟಪಡ್ತಾರೆ ಅಂತ ಕೇಳಿ ಡ್ಯೂಟಿ ಹಾಕಿದ್ದನ್ನು ನಾನಂತೂ ಕಂಡಿಲ್ಲ. ಆರ್ಡರ್ ಬಂತಾ, ಮುಗೀತು.

ಇನ್ನು ಗುಟ್ಟಿನ ಅಪಾಯ. ಹನಿಟ್ರ್ಯಾಪ್ ಬಗ್ಗೆ ಅಷ್ಟೊಂದು ಲೆಕ್ಚರ್ ಕೊಡ್ತೀರಲ್ಲ, ಬಯಲಾದರೆ ನೌಕರಿ ಹೋಗುತ್ತೆ ಅನ್ನೋ ಭಯದಲ್ಲಿರೋ ಅಧಿಕಾರಿಯನ್ನು ಬಗ್ಗಿಸೋದು ಶತ್ರುವಿಗೆ ಎಷ್ಟು ಹೊತ್ತಿನ ಕೆಲಸ? ಆ ಭಯ ಹುಟ್ಟಿಸಿದ್ದೇ ನಮ್ಮ ಕಾಯ್ದೆ.

ನಮ್ಮ ನಿವೃತ್ತರ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಕೊಂಡಾಡೋ ಇಸ್ರೇಲಿ ಸೈನ್ಯ 1993ರಲ್ಲೇ ಈ ನಿರ್ಬಂಧ ತೆಗೆದಿದೆ. (ಇದನ್ನು ಅಲ್ಲಿ ಹಾಕಿದೆ. ಅವತ್ತು ಗುಡ್ ಮಾರ್ನಿಂಗ್ ಕೂಡ ಯಾರೂ ಕಳಿಸಲಿಲ್ಲ.) ಬ್ರಿಟನ್ 2000ದಲ್ಲಿ ತೆಗೆಯಿತು, 2023ರಲ್ಲಿ ಪ್ರಧಾನಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅಮೆರಿಕದಲ್ಲಿ "ಕೇಳಬೇಡ, ಹೇಳಬೇಡ" ಅನ್ನೋ ನೀತಿಯಡಿ 13,000ಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿ, 2011ರಲ್ಲಿ ಅದನ್ನು ಕೈಬಿಟ್ಟರು.

ಬ್ಯಾರಕ್ಕಿನ ಪ್ರಶ್ನೆ ಮಾತ್ರ ಸುಳ್ಳಲ್ಲ. ಒಂದೇ ಬಂಕರಿನಲ್ಲಿ ಮೈಗೆ ಮೈ ತಾಗಿಸಿ ಮಲಗೋ ಜಾಗದಲ್ಲಿ ಆಫೀಸಿನ ಸಡಿಲ ನಡೆಯಲ್ಲ. ಕೈಕೆಳಗಿನವನ ಮೇಲೆ ಕಣ್ಣು ಹಾಕಿದ ಅಧಿಕಾರಿ, ಗಂಡಾಗಲಿ ಹೆಣ್ಣಾಗಲಿ, ಮನೆಗೆ ಹೋಗಬೇಕು. ಒಂದೇ ಯೂನಿಟ್ಟಿನೊಳಗೆ ಸಂಬಂಧ ಬೇಡ ಅಂದರೂ ನನಗೆ ಒಪ್ಪಿಗೆ. ಹಕ್ಕಿನ ಹೋರಾಟದ ಕೆಲವು ಗೆಳೆಯರಿಗೆ ಇದು ಹಿಡಿಸಲ್ಲ, ಇರಲಿ. ಆದರೆ ಆ ನಿಯಮ ನಡತೆಗೆ ಇರಬೇಕು, ಹುಟ್ಟಿಗೆ ಅಲ್ಲ.

ಕುಟುಂಬ ಪಿಂಚಣಿಯವರೆಗೆ ಈಗಲೇ ಹೋಗೋದು ಬೇಡ. ಸಲಿಂಗ ಮದುವೆಯ ವಿಷಯವನ್ನು 2023ರ ಅಕ್ಟೋಬರಿನಲ್ಲಿ ಕೋರ್ಟು ಸಂಸತ್ತಿಗೇ ಬಿಟ್ಟಿದೆ. ಡ್ಯೂಟಿಯ ಹೊರಗೆ ಇಬ್ಬರು ವಯಸ್ಕರು ಒಪ್ಪಿ ಇದ್ದರೆ 46(ಎ) ತಗಲಲ್ಲ ಅಂತ ಸೇನಾ ಮುಖ್ಯಾಲಯ ಒಂದು ಪತ್ರ ಹೊರಡಿಸಲಿ. ಕಿಂಡ್ರೆಡ್ ರೋಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ, ಆಸ್ಪತ್ರೆಗೆ ಯಾರನ್ನು ಕರೆಯಬೇಕು ಅನ್ನೋದನ್ನು ಜವಾನನೇ ಬರೆಯಲಿ. ಫಾರಂ ತಿದ್ದಿಸೋಕೆ ಒಬ್ಬ ಕ್ಲರ್ಕ್ ಸಾಕು.