ಒಂಟಿ ಮಗು ಸಿಕ್ಕಿಬಿದ್ದಿದೆ!

ಮೊನ್ನೆ ಸಂಜೆ ನಮ್ಮ ರಸ್ತೆಯಲ್ಲಿ ಒಂದು ಭಯಂಕರ ಘಟನೆ ನಡೆಯಿತು. ಏಳು ವರ್ಷದ ಮಗುವೊಂದು ಮನೆಯಿಂದ ಹೊರಗೆ ಇತ್ತು.

ಅಷ್ಟೇ. ಬಿದ್ದಿರಲಿಲ್ಲ, ಅಳುತ್ತಿರಲಿಲ್ಲ, ದಾರಿ ತಪ್ಪಿರಲಿಲ್ಲ. ರಸ್ತೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಇರುವೆ ಸಾಲು ನೋಡುತ್ತಿತ್ತು. ಒಂದು ಇರುವೆ ತನಗಿಂತ ದೊಡ್ಡದಾದ ಯಾವುದೋ ಹುಳದ ರೆಕ್ಕೆಯನ್ನು ಎಳೆಯುತ್ತಿತ್ತು. ರೆಕ್ಕೆ ಕಲ್ಲಿಗೆ ಸಿಕ್ಕಿಕೊಂಡಾಗಲೆಲ್ಲ ಮಗು ಕಡ್ಡಿಯಿಂದ ಬಿಡಿಸುತ್ತಿತ್ತು. ಹತ್ತಿರದಲ್ಲಿ ದೊಡ್ಡವರು ಯಾರೂ ಇರಲಿಲ್ಲ. ಇರುವೆಯ ಕಡೆಯವರೂ ಇರಲಿಲ್ಲ ಅನ್ನಿ.

ಮೊದಲು ಒಬ್ಬರು ನಿಂತರು. "ಪುಟ್ಟಾ, ಅಪ್ಪ ಅಮ್ಮ ಎಲ್ಲಿ?"

"ಮನೇಲಿ."

"ಮತ್ತೆ ನೀನ್ಯಾಕೆ ಇಲ್ಲಿದ್ದೀಯ?"

"ಇರುವೆ ಇಲ್ಲಿದಾವಲ್ಲ."

ಉತ್ತರ ಸರಿಯಾಗೇ ಇತ್ತು. ಆದರೆ ಸರಿಯಾದ ಉತ್ತರದಿಂದ ಸಮಾಧಾನ ಆಗುವ ವಯಸ್ಸು ಅವರದಲ್ಲ. ಐದು ನಿಮಿಷದಲ್ಲಿ ಏಳು ಜನ ಸೇರಿದೆವು. ಏಳನೆಯವನು ನಾನೇ, ಸುಳ್ಳು ಯಾಕೆ ಹೇಳಲಿ. ಒಬ್ಬರು ಫೋಟೊ ತೆಗೆದು ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿದರು: "ಯಾರ ಮಗು ಇದು? ಒಂಟಿಯಾಗಿದೆ. ಕೂಡಲೇ ಸಂಪರ್ಕಿಸಿ." ಕೆಳಗೆ ಇನ್ನೊಬ್ಬರು, "ಈಗಿನ ತಂದೆ ತಾಯಿಗೆ ಜವಾಬ್ದಾರಿಯೇ ಇಲ್ಲ" ಎಂದರು. ಅದಕ್ಕೆ ಹೆಬ್ಬೆರಳು ಒತ್ತಿದವರಲ್ಲಿ ಆ ಮಗುವಿನ ಅಪ್ಪನೂ ಒಬ್ಬರು. ಫೋಟೊ ತೆರೆದು ನೋಡಿರಲಿಲ್ಲವಂತೆ.

ನಮ್ಮನ್ನು ನೋಡಿ ನಗಬೇಡಿ. ಜಗತ್ತೇ ಹೀಗಿದೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 2014ರ ಡಿಸೆಂಬರಿನಲ್ಲಿ ಹತ್ತು ವರ್ಷದ ಅಣ್ಣ, ಆರು ವರ್ಷದ ತಂಗಿ ಪಾರ್ಕಿನಿಂದ ಮನೆಗೆ ನಡೆದು ಹೊರಟರು. ದೂರ ಒಂದು ಮೈಲಿ. ಅರ್ಧ ದಾರಿಯಲ್ಲಿ ಪೊಲೀಸರು ಹಿಡಿದು ಕಾರಿನಲ್ಲಿ ಕೂರಿಸಿಕೊಂಡರು. ತಿಂಗಳುಗಟ್ಟಲೆ ತನಿಖೆ ನಡೆಯಿತು. ಕೊನೆಗೆ ಮಕ್ಕಳ ರಕ್ಷಣೆಯ ಇಲಾಖೆ ಹೆತ್ತವರ ಮೇಲೆ ಹೊರಿಸಿದ ತಪ್ಪು ಏನು ಗೊತ್ತೇ? "ಸಾಬೀತಾಗದ ನಿರ್ಲಕ್ಷ್ಯ"ಕ್ಕೆ ಇವರು ಹೊಣೆ! ಅಂದರೆ ತಪ್ಪು ನಡೆದಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ, ಆದರೆ ಮಾಡಿದವರು ಮಾತ್ರ ನೀವೇ. ಇಂಥ ವಾಕ್ಯ ಬರೆಯಲು ಸುಮ್ನೆ ಆಗಲ್ಲ, ಸರ್ಕಾರಿ ಅನುಭವ ಬೇಕು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2015ರ ಏಪ್ರಿಲ್‌ನಲ್ಲಿ ಅದೇ ಮಕ್ಕಳು ಮತ್ತೆ ಸಿಕ್ಕಿಬಿದ್ದರು. ಮಕ್ಕಳು ಅಪಾಯದಲ್ಲಿದ್ದಾರೆ ಎಂದು ಹಿಡಿದವರು ಅವರನ್ನು ಗಂಟೆಗಟ್ಟಲೆ ಪೊಲೀಸ್ ಕಾರಿನಲ್ಲೂ ಕಚೇರಿಯಲ್ಲೂ ಕೂರಿಸಿಕೊಂಡರು. ಮಕ್ಕಳು ಹೆತ್ತವರ ಕೈಸೇರಿದ್ದು ರಾತ್ರಿ ಹತ್ತು ದಾಟಿದ ಮೇಲೆ. ನಡೆದುಕೊಂಡೇ ಹೋಗಲು ಬಿಟ್ಟಿದ್ದರೆ ಬೆಳಕಿರುವಾಗಲೇ ಮನೆ ಸೇರುತ್ತಿದ್ದರು. ಆರೋಪಗಳು ಆಮೇಲೆ ಬಿದ್ದುಹೋದವು. ಬೀಳದೆ ಏನು ಮಾಡುತ್ತವೆ?

ಕೆನಡಾದ ವ್ಯಾಂಕೂವರ್‌ನಲ್ಲಿ ಒಬ್ಬ ಅಪ್ಪ ಇದಕ್ಕಿಂತ ಜಾಣ. ಮಕ್ಕಳಿಗೆ ಸಿಟಿ ಬಸ್ಸಿನಲ್ಲಿ ಶಾಲೆಗೆ ಹೋಗುವುದನ್ನು ಕಲಿಸಲು ತಾನೇ ಸುಮಾರು ಎರಡು ವರ್ಷ ಜೊತೆಗೆ ಓಡಾಡಿದ. ಆಮೇಲೆ ನಾಲ್ವರನ್ನು ಒಟ್ಟಿಗೆ ಕಳಿಸಿದ. ಯಾರೋ ದೂರು ಕೊಟ್ಟರು. 2017ರಲ್ಲಿ ಇಲಾಖೆ ಬಂದು ಹತ್ತು ವರ್ಷದೊಳಗಿನ ಮಕ್ಕಳು ಹಾಗೆಲ್ಲ ಹೋಗುವಂತಿಲ್ಲ ಎಂದಿತು. ಇಲಾಖೆ ತನ್ನ ಅಧಿಕಾರ ಮೀರಿದೆ ಎಂದು ಮೇಲ್ಮನವಿ ನ್ಯಾಯಾಲಯ ಹೇಳುವಾಗ 2020 ಬಂದಿತ್ತು. ಗಮನಿಸಿ, ಮಕ್ಕಳು ಅಷ್ಟು ಹೊತ್ತಿಗೆ ಮೂರು ವರ್ಷ ದೊಡ್ಡವರಾಗಿದ್ದರು. ನ್ಯಾಯ ನಿಧಾನವಾದಷ್ಟೂ ಸಮಸ್ಯೆ ತಾನಾಗಿಯೇ ಬಗೆಹರಿಯುವ ಅಪರೂಪದ ಕ್ಷೇತ್ರ ಇದು.

ಇನ್ನು ಅಮೆರಿಕದ ಯೂಟಾ ರಾಜ್ಯ. ಅಲ್ಲಿ 2018ರಲ್ಲಿ ಕಾನೂನು ಮಾಡಿಯೇಬಿಟ್ಟರು. ಸಾಕಷ್ಟು ವಯಸ್ಸು, ತಿಳಿವಳಿಕೆ ಇರುವ ಮಗು ಶಾಲೆಗೆ ನಡೆದು ಹೋದರೆ, ಓಡಿ ಹೋದರೆ, ಸೈಕಲ್ಲಿನಲ್ಲಿ ಹೋದರೆ ಅದು ಹೆತ್ತವರ ನಿರ್ಲಕ್ಷ್ಯವಲ್ಲ ಅಂತ. "ಓಡಿ" ಅಂತಲೂ ಬರೆದಿದ್ದಾರೆ, ಗಮನಿಸಿ. ಕುಂಟುತ್ತಾ ಹೋಗುವ ಆಟಕ್ಕೆ ತಿದ್ದುಪಡಿ ಬೇಕಾಗಬಹುದು.

ಎಲ್ಲರೂ ಹೇಳುವ ಕಾರಣ ಒಂದೇ: ಕಾಲ ಕೆಟ್ಟಿದೆ. ಕಾಲ ಕೆಡಿಸಿದ್ದು ಯಾರು ಅಂತ ಮಾತ್ರ ಕೇಳಬಾರದು. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ ಶೇಕಡ 80ರಷ್ಟು ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಎಣಿಸಿದಾಗ ಉಳಿದಿದ್ದು ಶೇಕಡ 9. ಈ ನಡುವೆ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿಯಿತು. ನೋಡಿ, ರಸ್ತೆ ಎಷ್ಟು ಸುರಕ್ಷಿತವಾಯಿತು ಎಂದು ಅಧಿಕಾರಿಗಳು ಬೀಗಿದರು. ಆ ಲೆಕ್ಕ ತೆಗೆದ ಸಂಶೋಧಕ ಹಿಲ್‌ಮನ್ ಮತ್ತು ಜೊತೆಗಾರರು, ರಸ್ತೆ ಸುರಕ್ಷಿತವಾದದ್ದಲ್ಲ, ಮಕ್ಕಳನ್ನೇ ರಸ್ತೆಯಿಂದ ತೆಗೆದದ್ದು ಎಂದರು. ಕಾಡಿಗೆ ಯಾರೂ ಹೋಗದೆ ಇದ್ದುದಕ್ಕೆ ಹುಲಿ ಸಾಧುವಾಯಿತು ಎಂದು ಡಂಗುರ ಹೊಡೆದ ಹಾಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇದೇ. ವೇಗವಾಗಿ ಹೋಗುವುದು ಕಾರು. ಮನೆಯೊಳಗೆ ಇರಬೇಕಾದದ್ದು ಮಗು. ಮಗು ಅರ್ಧ ಗಂಟೆ ಒಂಟಿಯಾಗಿ ರಸ್ತೆಯಲ್ಲಿದ್ದರೆ ಫೋಟೊ, ದೂರು, ತನಿಖೆ. ಕಾರು ರಾತ್ರಿಯಿಡೀ ಒಂಟಿಯಾಗಿ ರಸ್ತೆಯಲ್ಲಿ ನಿಂತಿದ್ದರೆ ಒಬ್ಬರೂ ಕೇಳುವುದಿಲ್ಲ. "ಯಾರ ಕಾರಪ್ಪ ಇದು, ಪಾಪ, ಒಂದೇ ಇದೆ, ಹೆತ್ತವರು ಎಲ್ಲಿ?" ಅಂತ ಯಾರಾದರೂ ಗುಂಪಿಗೆ ಹಾಕಿದ್ದು ನೋಡಿದ್ದೀರಾ?

ಬೆಳಿಗ್ಗೆ ಯಾವುದಾದರೂ ಶಾಲೆಯ ಗೇಟಿನ ಮುಂದೆ ನಿಂತು ನೋಡಿ. ರಸ್ತೆಯಲ್ಲಿ ಕಾರು ಜಾಸ್ತಿ, ಮಗು ನಡೆದರೆ ಅಪಾಯ ಅಂತ ಪ್ರತಿಯೊಬ್ಬರೂ ಕಾರಿನಲ್ಲೇ ಬಂದಿರುತ್ತಾರೆ. ಆದ್ದರಿಂದ ರಸ್ತೆಯಲ್ಲಿ ಕಾರು ಜಾಸ್ತಿ. ಆ ಹಿಂದೆ ಮುಂದೆ ಹೊರಳುವ ಗಾಡಿಗಳ ಸಂದಿಯಲ್ಲಿ ಒಂದು ಮಗು ನಡೆದು ಬಂದರೆ ಎಲ್ಲ ಅಪ್ಪ ಅಮ್ಮಂದಿರೂ ಒಟ್ಟಿಗೆ ಹಾರ್ನ್ ಹೊಡೆಯುತ್ತಾರೆ. ಕಾಳಜಿಯಿಂದ.

ಹಾಲೆಂಡಿನವರಿಗೆ ಮಾತ್ರ ಈ ಬುದ್ಧಿ ಹೊಳೆಯಲಿಲ್ಲ. 1971ರಲ್ಲಿ ಅಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಮಕ್ಕಳನ್ನು ಒಳಗೆ ಕೂಡಿಹಾಕುವ ಬದಲು ಜನ ಬೀದಿಗಿಳಿದು ರಸ್ತೆಯನ್ನೇ ಅಡ್ಡಗಟ್ಟಿದರು. "ಮಕ್ಕಳ ಕೊಲೆ ನಿಲ್ಲಿಸಿ" ಎಂಬುದು ಅವರ ಚಳವಳಿಯ ಹೆಸರು. ಮನೆಗಳಿರುವ ಎಷ್ಟೋ ರಸ್ತೆಗಳಲ್ಲಿ ಕಾರು ನಡಿಗೆಯ ವೇಗದಲ್ಲೇ ಹೋಗಬೇಕು, ಮಕ್ಕಳು ರಸ್ತೆ ತುಂಬಾ ಆಡಬಹುದು ಎಂಬ ನಿಯಮವೂ ಬಂತು. ಎಂಥ ಅನ್ಯಾಯ! ಕಾರಿಗೂ ಭಾವನೆಗಳಿರುವುದಿಲ್ಲವೇ?

ಎರಡು ವರ್ಷದ ಕೂಸನ್ನು ಹೆದ್ದಾರಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಎಳೆ ಮಕ್ಕಳಿಗೆ ಬರುವ ಗಾಡಿಯ ವೇಗ ಅಂದಾಜಾಗುವುದಿಲ್ಲ, ನಿಜ. ಹಾಗಂತ ದೊಡ್ಡವರು ಜೊತೆಗಿದ್ದರೆ ಸಾಕು ಎನ್ನುತ್ತೇವಲ್ಲ, ಆ ಜೊತೆಗಿರುವುದನ್ನೂ ಸ್ವಲ್ಪ ನೋಡೋಣ. ಪಾರ್ಕಿನ ಬೆಂಚಿನ ಮೇಲೆ ನಾಲ್ವರು ಕೂತಿದ್ದಾರೆ. ನಾಲ್ವರೂ ಫೋನಿನಲ್ಲಿದ್ದಾರೆ. ಜಾರುಬಂಡೆಯ ಮೇಲಿಂದ ಒಂದು ಹುಡುಗಿ "ಅಮ್ಮಾ ನೋಡು" ಎನ್ನುತ್ತಾಳೆ. "ನೋಡ್ತಿದ್ದೀನಿ ಚಿನ್ನ" ಎಂಬ ಉತ್ತರ ತಲೆ ಎತ್ತದೆಯೇ ಬರುತ್ತದೆ. ಹುಡುಗಿ ಆಗಲೇ ಜಾರಿ ಇಳಿದು, ಮತ್ತೆ ಹತ್ತಿ, ಎರಡನೇ ಸಲ ಕರೆಯುತ್ತಿದ್ದಾಳೆ. ಕಾನೂನಿನ ಲೆಕ್ಕದಲ್ಲಿ ಇವಳ ಮೇಲೆ ನಿಗಾ ಇದೆ. ಇರುವೆ ನೋಡುತ್ತಿದ್ದ ಮಗುವಿನ ಮೇಲೆ ಇರಲಿಲ್ಲ.

ಆ ಮಗುವಿನ ವಿಷಯಕ್ಕೆ ಬರುತ್ತೇನೆ. ನಾವು ಏಳು ಜನ ಇನ್ನೂ ಸುತ್ತ ನಿಂತಿದ್ದೆವು. ಯಾರಿಗೆ ಫೋನ್ ಮಾಡಬೇಕು ಎಂಬ ಬಗ್ಗೆ ಎರಡು ಬಣವಾಗಿತ್ತು. ಎಲ್ಲರ ಚಪ್ಪಲಿ ನಡುವೆ ಇರುವೆ ಸಾಲು ದಿಕ್ಕು ತಪ್ಪಿತ್ತು. ಫೋಟೊ ತೆಗೆದವರು ಇನ್ನೂ ಚೆನ್ನಾಗಿ ಬರಲಿ ಎಂದು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ನಡುರಸ್ತೆಗೆ ಬಂದಿದ್ದರು. ಮಗು ನಮ್ಮನ್ನು ಒಮ್ಮೆ ನೋಡಿತು. ಕಡ್ಡಿ ಬಿಸಾಡಿ, ಎದ್ದು, ಎರಡೂ ಕಡೆ ತಿರುಗಿ ನೋಡಿ, ರಸ್ತೆ ದಾಟಿ ಮನೆಗೆ ಹೋಯಿತು.

ನಾವು ಚರ್ಚೆ ಮುಂದುವರಿಸಿದೆವು. ಅಷ್ಟರಲ್ಲಿ ಒಂದು ಕಾರು ಕಿರ್ರೆಂದು ಬ್ರೇಕ್ ಹಾಕಿ ನಮ್ಮ ಮುಂದೆಯೇ ನಿಂತಿತು. ಗಾಜು ಇಳಿಯಿತು.

"ನಡುರಸ್ತೇಲಿ ಏನ್ರೀ ಮಾಡ್ತಿದ್ದೀರಿ? ಹೇಳೋರು ಕೇಳೋರು ಯಾರೂ ಇಲ್ವಾ ನಿಮಗೆ?"